ಮಗಳಿಗೊಂದು ಪತ್ರ: ನಿನ್ನ ಬೆಳಗಿನ ನಿದ್ದೆಯ ಕುರಿತು

ಪ್ರೀತಿಯ ಪುಟ್ಟಿ,

ಕಳೆದ ಮಂಗಳವಾರ ಬೆಳಗಿನ ಜಾವ ನಾಲ್ಕೂವರೆಗೆ ನಾನು ಹೊದಿಕೆ ಎಳೆದು ಎಬ್ಬಿಸಿದಾಗ ನೀನು ಸಮಾಜ ವಿಜ್ಞಾನದ ಪುಸ್ತಕ ತೆರೆದು, ಅದರ ಮೇಲೆಯೇ ತಲೆಯಿಟ್ಟು ಮಲಗಿಬಿಟ್ಟೆ. ಅದನ್ನು ಕಂಡು ನಾನು ಸೋಮಾರಿ ಎಂದೆ. ನೀನು ಎದುರುಮಾತಾಡಿ, ಬಾಗಿಲು ಬಡಿದು ಹೋದೆ. ಎದುರೆದುರು ಕುಳಿತರೆ ಮಾತು ಮತ್ತೆ ಅಲ್ಲಿಗೇ ಹೋದೀತೆಂದು ಇದನ್ನು ಬರೆಯುತ್ತಿದ್ದೇನೆ.

ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಎಂಬುದು ನಿನ್ನ ಅಜ್ಜನ ಮಾತು. ನಾನು ಹಾಗೆ ಓದಿಯೇ ಎಸ್‌ಎಸ್‌ಎಲ್‌ಸಿ ಪಾಸಾದವಳು. ಆದರೆ ಆಗ ನಮ್ಮ ಮನೆಯಲ್ಲಿ ಒಂಬತ್ತಕ್ಕೆಲ್ಲ ದೀಪ ಆರುತ್ತಿತ್ತೆಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನೀನು ಟ್ಯೂಷನ್ ಮುಗಿಸಿ ಮನೆ ಸೇರುವುದೇ ಎಂಟೂವರೆಗೆ.

ಈ ವಾರ ಕುಳಿತು ಓದಿದಾಗ ತಿಳಿದದ್ದು ಇಷ್ಟು. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಹರೆಯದಲ್ಲಿ ಮೊದಲಿಗಿಂತ ಒಂದೆರಡು ಗಂಟೆ ತಡವಾಗಿ ಸ್ರವಿಸತೊಡಗುತ್ತದೆ. ಎಚ್ಚರವಿದ್ದಷ್ಟೂ ಕೂಡಿಕೊಳ್ಳುವ ನಿದ್ದೆಯ ಒತ್ತಡವೂ ಈ ವಯಸ್ಸಿನಲ್ಲಿ ನಿಧಾನವಾಗಿಯೇ ಏರುತ್ತದೆ. ಹತ್ತಕ್ಕೆ ಹಾಸಿಗೆ ಸೇರಿದ ನೀನು ಹನ್ನೊಂದೂವರೆಯಾದರೂ ಹೊರಳಾಡುತ್ತಿದ್ದುದು ಹಟದಿಂದಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ನಾನು ನಿನಗೆ ಐದು ಗಂಟೆ ಬಿಟ್ಟುಕೊಟ್ಟು, ಅದರಲ್ಲಿಯೂ ತಪ್ಪು ಹುಡುಕಿದೆ.

ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಪ್ರೌಢಶಾಲೆಗಳ ಆರಂಭದ ವೇಳೆಯನ್ನು 7.50ರಿಂದ 8.45ಕ್ಕೆ ಮುಂದೂಡಿದರು. ಮಕ್ಕಳು ಅಷ್ಟೇ ತಡವಾಗಿ ಮಲಗಿಯಾರೆಂದು ನಾನಾಗಿದ್ದರೆ ವಾದಿಸುತ್ತಿದ್ದೆ. ಆದರೆ ಅವರ ನಿದ್ದೆ ದಿನಕ್ಕೆ ಸುಮಾರು 34 ನಿಮಿಷ ಹೆಚ್ಚಿತು. ನಮ್ಮಲ್ಲಿ ಶಾಲೆಯ ಗಂಟೆಯನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ, ಅಲಾರಾಂ ಬದಲಿಸುವುದು ನನ್ನ ಕೈಯಲ್ಲಿಯೇ ಇತ್ತು.

ಬಾಗಿಲು ಬಡಿದ ವಿಷಯಕ್ಕೂ ಇದಕ್ಕೂ ನಂಟಿದೆ. ನಿದ್ದೆಗೆಟ್ಟ ಮಿದುಳಿನಲ್ಲಿ ಭಯ, ಸಿಟ್ಟುಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ಸಣ್ಣ ಮಾತಿಗೂ ಕೆರಳುತ್ತದೆ. ಅದನ್ನು ತಡೆಹಿಡಿಯಬೇಕಾದ ಮಿದುಳಿನ ಮುಂಭಾಗದೊಂದಿಗೆ, ಅಂದರೆ ಹಣೆಯ ಒಳಗಡೆ ಇರುವ ಭಾಗದೊಂದಿಗೆ, ಅದರ ಸಂಪರ್ಕ ಸಡಿಲವಾಗುತ್ತದೆ. ಆ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತೈದರ ಆಸುಪಾಸಿನಲ್ಲಂತೆ. ನನ್ನದು ಬಲಿತು ಎಷ್ಟೋ ವರ್ಷವಾಗಿದೆ, ಆದ್ದರಿಂದ ಆ ದಿನ ಸುಮ್ಮನಿರಬೇಕಾದವಳು ನಾನು. ಹಾಗೆಂದು ನೀನು ಆಡಿದ ಮಾತು ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿನ ಕಾರಣ ತಿಳಿಯಿತು. ಆ ಮಾತಿನ ಬಗ್ಗೆ ನೀನೂ ಒಮ್ಮೆ ಯೋಚಿಸು.

ನಾಳೆಯಿಂದ ಅಲಾರಾಂ ಆರೂವರೆಗೆ. ಟ್ಯೂಷನ್ ಇನ್ನೂ ಬೇಗ ಶುರುಮಾಡಲಾದೀತೇ ಎಂದು ಮೇಷ್ಟ್ರನ್ನು ಕೇಳುತ್ತೇನೆ. ಮೊಬೈಲಿನ ಬೆಳಕು ಮೆಲಟೋನಿನನ್ನು ಇನ್ನಷ್ಟು ತಡಮಾಡುವುದರಿಂದ ಒಂಬತ್ತೂವರೆಯಾದ ಮೇಲೆ ಅದು ಅಡುಗೆಮನೆಯ ಕಪಾಟಿನಲ್ಲಿರಲಿ. ನನ್ನದನ್ನೂ ಅಲ್ಲಿಯೇ ಇಡುತ್ತೇನೆ. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಸೋಮವಾರ ಏಳುವುದು ಕಷ್ಟವಾಗುವುದರಿಂದ, ಅಂದು ಎಂಟಕ್ಕೆ ಎಬ್ಬಿಸುತ್ತೇನೆ.

ಬೆಳಗಿನ ಜಾವ ನಿನ್ನ ಕೋಣೆಯ ದೀಪ ಉರಿಯದಿದ್ದರೆ ಅಜ್ಜ ಖಂಡಿತ ಕೇಳುತ್ತಾರೆ. ಅವರಿಗೆ ನಾನೇ ಹೇಳುತ್ತೇನೆ, ನೀನು ಮಲಗಿರು.

ನಿನ್ನ ಅಮ್ಮ