ಒಂದೇ ಪೀಕ್ ಕಂಡ ನಕ್ಷತ್ರಗಳ ಬಗ್ಗೆ

ಮಡಿಕೇರಿ

ಚಿ. ಮುತ್ತುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪ್ರಾಜೆಕ್ಟ್ ವರದಿಯ ಕರಡು ಓದಿದೆ. ಇಲ್ಲಿ ಮಳೆ ಬಿಟ್ಟಿಲ್ಲ, ಕರೆಂಟ್ ಇದ್ದಾಗ ಇದ್ದಷ್ಟು ಓದಿ ಮುಗಿಸಿದೆ. ನೀನು ಓದುತ್ತಿರೋದು ಏನು ಅಂತ ನಿಮ್ಮಮ್ಮ ಕೇಳಿದಳು. ಹಲಸಿನಕಾಯಿ ತಟ್ಟಿ ಒಳಗೆ ಹಣ್ಣಾಗಿದೆಯಾ ಅಂತ ನೋಡ್ತೀವಲ್ಲ, ಹಾಗೆ ಅಂದೆ. "ನಕ್ಷತ್ರವನ್ನು ತಟ್ಟೋರು ಯಾರು?" ಅಂದಳು. ಒಳ್ಳೆ ಪ್ರಶ್ನೆ, ಅಲ್ವಾ? ಹೊರಪದರದಲ್ಲಿ ಕುದಿಯುವ ಅನಿಲವೇ ತಟ್ಟುತ್ತಿರುತ್ತದೆ, ಆ ಕಂಪನಕ್ಕೆ ಬೆಳಕು ಚೂರೇ ಚೂರು ಏರಿಳಿಯುತ್ತದೆ ಅಂದೆ.

ಕೆಂಪು ದೈತ್ಯಗಳನ್ನು, ಅಂದರೆ ಮುಪ್ಪಿನಲ್ಲಿ ಊದಿಕೊಂಡ ನಕ್ಷತ್ರಗಳನ್ನು, ಆರಿಸಿಕೊಂಡದ್ದು ಒಳ್ಳೆಯದಾಯಿತು. ಆದರೆ ನಾಲ್ಕನೇ ಅಧ್ಯಾಯವನ್ನು ಹೀಗೇ ಕೊಡಬೇಡ.

ಬೆಳಕಿನ ಏರಿಳಿತವನ್ನು ಆವೃತ್ತಿವಾರು ಬಿಡಿಸಿದ ಗ್ರಾಫ್‌ನಲ್ಲಿ ಒಂದೊಂದು ಕಂಪನವೂ ಒಂದು ಮೊನೆಯಾಗಿ, ಅಂದರೆ ಪೀಕ್ ಆಗಿ, ಕಾಣುತ್ತದಲ್ಲ, ಆ ಪೀಕ್ ಒಡೆಯದ ನಕ್ಷತ್ರಗಳನ್ನೆಲ್ಲ 'ತಿರುಗುವುದಿಲ್ಲ' ಅಂತ ಪಟ್ಟಿ ಮಾಡಿದ್ದೀಯ. ಅದು ತಪ್ಪು ಕಣೋ. ತಿರುಗುವ ನಕ್ಷತ್ರದಲ್ಲಿ ದ್ವಿಧ್ರುವ ಕಂಪನ (ಅರ್ಧ ನಕ್ಷತ್ರ ಬೆಳಗಿದಾಗ ಇನ್ನರ್ಧ ಮಂಕಾಗುವಂಥದು) ಮೂರಾಗಿ ಒಡೆಯುತ್ತದೆ, ನಿಜ. ಮೂರೂ ನಮಗೆ ಕಾಣಬೇಕೆಂದಿಲ್ಲ. ಧ್ರುವ ನೇರ ನಮ್ಮ ಕಡೆ ಇದ್ದರೆ ನಡುವಿನದು ಮಾತ್ರ ಕಾಣುತ್ತದೆ. ಸಮಭಾಜಕದ ಕಡೆಯಿಂದ ನೋಡಿದರೆ ಆಚೀಚಿನ ಎರಡು. ಓರೆಯಾಗಿದ್ದರೆ ಮೂರೂ. ಒಂದೇ ಪೀಕ್ ಇರುವ ನಕ್ಷತ್ರ ಜೋರಾಗಿಯೇ ತಿರುಗುತ್ತಿರಬಹುದು. 'ವೇಗ ಹೇಳಲು ಆಗದು' ಅಂತ ಬರಿ, ಸಾಕು.

ಎರಡು ಕಂಡಾಗಲೂ ಹುಷಾರು. ಒಡೆದ ಮೂರರಲ್ಲಿ ಪಕ್ಕಪಕ್ಕದ ಎರಡರ ಅಂತರ ಒಂದು ಹೆಜ್ಜೆ ಅಂದುಕೊಂಡರೆ, ಇವುಗಳ ನಡುವಿನ ಅಂತರ ಎರಡು ಹೆಜ್ಜೆಯದು. ತಿರುಳಿನಲ್ಲೇ ಜಾಸ್ತಿ ಓಡಾಡುವ ಕಂಪನಕ್ಕೆ ಒಂದು ಹೆಜ್ಜೆ ಅಂದರೆ ತಿರುಗುವ ಆವೃತ್ತಿಯ ಸುಮಾರು ಅರ್ಧ. ಈ ಒಡೆತದ ಲೆಕ್ಕವನ್ನು ಪಾಲ್ ಲೆಡೂ 1951ರಲ್ಲೇ ಹಾಕಿಟ್ಟಿದ್ದಾರೆ. ನಿನ್ನ ಪಟ್ಟಿಯಲ್ಲಿ ಕೆಲವದರ ವೇಗ ಮಿಕ್ಕವುಗಳ ಸರಿಯಾಗಿ ದುಪ್ಪಟ್ಟು ಬಂದಿದೆ. ಎರಡು ಹೆಜ್ಜೆಯನ್ನು ಒಂದೇ ಅಂತ ಎಣಿಸಿದ್ದೀಯೇನೋ ಅಂತ ನನಗೆ ಅಲ್ಲೇ ಅನುಮಾನ.

ಇನ್ನು ತಿರುಗುವ ವೇಗ ತೋರಿಸಲು ಕೇಂದ್ರದಿಂದ ಮೇಲ್ಮೈವರೆಗೆ ನೀನು ಎಳೆದ ಆ ನುಣುಪಾದ ಗೆರೆ. ಸೂರ್ಯನಿಗೆ ಅದು ನಡೆಯುತ್ತದೆ. ಸೂರ್ಯನ ಬಿಂಬ ನಮಗೆ ದೊಡ್ಡದಾಗಿ ಕಾಣುವುದರಿಂದ ಸಾವಿರಾರು ಕಂಪನಗಳನ್ನು ಬಿಡಿಸಿ ಅಳೆಯಬಹುದು. ರಾತ್ರಿ ಅಡ್ಡ ಬರಬಾರದೆಂದು 1995ರಿಂದ ಭೂಮಿಯ ಸುತ್ತ ಹರಡಿದ ಗಾಂಗ್ ಅನ್ನುವ ಸೂರ್ಯವೀಕ್ಷಣಾ ಜಾಲದ ಆರು ಕೇಂದ್ರಗಳು ನೋಡುತ್ತಿವೆ, ನಮ್ಮ ಉದಯಪುರದ್ದೂ ಅದರಲ್ಲಿ ಒಂದು. (ಮಡಿಕೇರಿಯಲ್ಲಿ ಇಟ್ಟಿದ್ದರೆ ಆಷಾಢವಿಡೀ ಸುಮ್ನೆ ಮೋಡ ನೋಡಬೇಕಿತ್ತು.) ಸೂರ್ಯನ ಸಮಭಾಜಕ ಸುಮಾರು 25 ದಿನಕ್ಕೆ, ಧ್ರುವದ ಹತ್ತಿರ ಸುಮಾರು 35 ದಿನಕ್ಕೆ ಒಂದು ಸುತ್ತು. ಹೊರಗಿನ ಶೇ. 30ರಷ್ಟು ಆಳದವರೆಗೆ ಈ ವ್ಯತ್ಯಾಸ ಇದೆ, ಅದರ ಕೆಳಗೆ ಹೆಚ್ಚುಕಡಿಮೆ ಎಲ್ಲ ಒಟ್ಟಿಗೇ ತಿರುಗುತ್ತದೆ. ಇದೆಲ್ಲ ಕಂಪನದಿಂದಲೇ ಗೊತ್ತಾದದ್ದು. ನಿನ್ನ ಕೆಂಪು ದೈತ್ಯ ಬರೀ ಒಂದು ಚುಕ್ಕೆ. ಅದರಿಂದ ಸಿಗುವುದು ತಿರುಳಿನದೊಂದು ಸರಾಸರಿ, ಹೊರಪದರದ್ದೊಂದು ಸರಾಸರಿ. ನಡುವಿನ ಗೆರೆ ಎಳೆದದ್ದು ನಿನ್ನ ಕಂಪ್ಯೂಟರ್.

ಆ ಎರಡೇ ಸಂಖ್ಯೆ ಕಡಿಮೆಯೇನಲ್ಲ. 2012ರಲ್ಲಿ ಬೆಕ್ ಮತ್ತು ಸಂಗಡಿಗರು ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ಮಾಹಿತಿಯಿಂದ ತೋರಿಸಿದ್ದು ಅಷ್ಟೇ: ತಿರುಳು ಹೊರಭಾಗಕ್ಕಿಂತ ಕಡೇಪಕ್ಷ ಹತ್ತು ಪಟ್ಟು ವೇಗ. ಕುಗ್ಗುವ ತಿರುಳು ಅದಕ್ಕಿಂತ ಎಷ್ಟೋ ಜೋರಾಗಿ ತಿರುಗಬೇಕಿತ್ತು ಅನ್ನುತ್ತಿದ್ದವು ಆಗಿನ ಲೆಕ್ಕಗಳು. ಬ್ರೇಕ್ ಹಾಕಿದ್ದು ಕಾಂತಕ್ಷೇತ್ರವೋ, ಒಳಗಿನ ಅಲೆಗಳೋ ಅನ್ನುವ ವಾದ ಇನ್ನೂ ಮುಗಿದಿಲ್ಲ.

ಕೆಪ್ಲರ್ ನಾಲ್ಕು ವರ್ಷ ಒಂದೇ ಕಡೆ ನೋಡಿತು. ಹುತ್ತರಿಯೊಳಗೆ ಮುಗಿಸುವ ಆತುರದಲ್ಲಿ ನೀನು ತೆಗೆದುಕೊಂಡದ್ದು ಬರೀ 90 ದಿನದ್ದು. ಅಷ್ಟರಲ್ಲಿ ಹತ್ತಿರ ಹತ್ತಿರದ ಪೀಕ್‌ಗಳು ಬಿಡಿಯಾಗಿ ಕಾಣುವುದೇ ಇಲ್ಲ. ಪೂರ್ತಿ ನಾಲ್ಕು ವರ್ಷದ್ದು ಹಾಕಿ ನೋಡು, 'ತಿರುಗದ' ನಕ್ಷತ್ರಗಳು ಎಷ್ಟು ಉಳಿಯುತ್ತವೋ. ಗೈಡ್ ಹತ್ತಿರ ಇನ್ನೊಂದಿಷ್ಟು ಸಮಯ ಕೇಳು. ಮತ್ತೆ ಬರೆದ ಮೇಲೆ ಪ್ರಿಂಟ್ ತೆಗೆದು ಅಂಚೆಗೆ ಹಾಕು, ಫೋನಿನಲ್ಲಿ ಗ್ರಾಫ್ ನೋಡಲು ನನ್ನ ಕಣ್ಣಿಗೆ ಆಗುವುದಿಲ್ಲ.

ನಿನ್ನ ದೊಡ್ಡಮ್ಮ