ರಾಯಭಾರಿಗೂ ಒಂದು ಮಾತು ತಿಳಿಸಿ

ಮಾನ್ಯರೇ,

ದೇಶದೇಶಗಳ ನಡುವಿನ ದೊಡ್ಡ ಮಾತುಕತೆಗಳು ಈಗ ಜಾಸ್ತಿ ನಾಯಕರ ಫೋನಿನಲ್ಲೋ ವಿಶೇಷ ದೂತರ ಭೇಟಿಯಲ್ಲೋ ನಡೆಯುತ್ತಿವೆ. ಕೆಲವನ್ನು ಗುಟ್ಟಾಗಿಯೇ ಮಾತಾಡಬೇಕು, ಒಪ್ಪುತ್ತೇನೆ. ಆದರೆ ಅಲ್ಲೇ ಕೂತಿರುವ ರಾಯಭಾರಿಗೂ ಗುಟ್ಟು ಮಾಡುವುದು ಸರಿಯಲ್ಲ.

1972ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಗುಟ್ಟಾಗಿ ಮಾಸ್ಕೋಗೆ ಹೋಗಿ ಸೋವಿಯತ್ ನಾಯಕ ಬ್ರೆಜ್ನೇವ್ ಜೊತೆ ದಿನಗಟ್ಟಲೆ ಮಾತಾಡಿದರು. ಅದೇ ಊರಲ್ಲಿದ್ದ ಅಮೆರಿಕದ ರಾಯಭಾರಿ ಜೇಕಬ್ ಬೀಮ್ ಅವರಿಗೆ ವಿಷಯ ತಿಳಿದದ್ದು ಭೇಟಿ ಮುಗಿಯುವ ಹೊತ್ತಿಗೆ! ಮರುದಿನದಿಂದ ಅವರ ಮಾತಿಗೆ ಅಲ್ಲಿ ಎಷ್ಟು ಬೆಲೆ ಇದ್ದೀತು? ಅದಕ್ಕೆ ಹಿಂದಿನ ವರ್ಷ ಕಿಸಿಂಜರ್ ಅವರ ಗುಟ್ಟಿನ ಚೀನಾ ಪ್ರವಾಸದಲ್ಲೂ ಹೀಗೇ ಆಗಿತ್ತು. ಮಿತ್ರದೇಶ ಜಪಾನಿಗೆ ಸುದ್ದಿ ಸಿಕ್ಕಿದ್ದು ನಿಕ್ಸನ್ ಅದನ್ನು ಘೋಷಿಸುವ ಸ್ವಲ್ಪ ಮುಂಚೆ ಅಷ್ಟೇ.

ನಮ್ಮ ಮಲೆನಾಡಿನ ತೋಟಗಳಲ್ಲಿ ಇದು ಎಲ್ಲರಿಗೂ ಗೊತ್ತು. ಸಾಹುಕಾರರು ರೈಟರಿಗೆ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಹೇಳದೆ ಆಳುಗಳನ್ನು ಕರೆತರುವ ಮೇಸ್ತ್ರಿ ಹತ್ತಿರ ನೇರವಾಗಿ ಕೂಲಿ ಮಾತಾಡಿದರೆ, ಬೆಳಿಗ್ಗೆ ಆಳುಗಳ ಮುಂದೆ ಪೆಚ್ಚಾಗುವುದು ರೈಟರು. ಆಮೇಲೆ ಅವರ ಮಾತನ್ನು ಯಾರೂ ಕೇಳುವುದಿಲ್ಲ.

ಇದು ನಮಗೆ ದೂರದ ವಿಷಯವೂ ಅಲ್ಲ. ನಮ್ಮ ಕಾಫಿಯ ಹೆಚ್ಚಿನ ಪಾಲು ಹೋಗುವುದು ಇಟಲಿ, ಜರ್ಮನಿಯಂಥ ಹೊರದೇಶಗಳಿಗೆ. ಅಲ್ಲಿ ಸುಂಕ, ನಿಯಮ ಬದಲಾದಾಗ ನಮ್ಮ ಪರ ದಿನವೂ ಓಡಾಡಬೇಕಾದವರು ರಾಯಭಾರ ಕಚೇರಿಯವರೇ ಅಲ್ವಾ?

ನಾಯಕರು ಯಾರ ಜೊತೆ ಮಾತಾಡಿದರೂ ಬರೆದುಕೊಳ್ಳಲು ಒಬ್ಬ ಅಧಿಕಾರಿ ಇರಲಿ. ಅದೇ ದಿನ ಅದರ ಸಾರ ರಾಯಭಾರಿಗೆ ತಲುಪಲಿ. ನಮ್ಮ ವಿದೇಶಾಂಗ ಸಚಿವಾಲಯ ಇದನ್ನು ಕಡ್ಡಾಯ ಮಾಡಬೇಕು.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ