ಮಡೆನೂರು ಡ್ಯಾಂ ಪ್ರದರ್ಶನ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಸಾಗರದಲ್ಲಿ ನಾವು ಇಟ್ಟಿದ್ದ ಮಡೆನೂರು ಡ್ಯಾಂ ಫೋಟೊ ಪ್ರದರ್ಶನ ಭಾನುವಾರ ಮುಗಿಯಿತು. ಇಷ್ಟು ಜನ ಬರುತ್ತಾರೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಬಂದವರಿಗೆ, ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೇ ಫೋಟೊ ಹುಡುಕಿಕೊಟ್ಟವರಿಗೆ ದೊಡ್ಡ ನಮಸ್ಕಾರ.

ಹೊರಗಿನವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಲಿಂಗನಮಕ್ಕಿಗಿಂತ ಮೊದಲೇ ಶರಾವತಿಗೆ ಒಂದು ಅಣೆಕಟ್ಟು ಕಟ್ಟಿದ್ದರು. ಹೆಸರು ಹಿರೇಭಾಸ್ಕರ, ನಮ್ಮ ಕಡೆ ಮಡೆನೂರು ಡ್ಯಾಂ ಅಂತಲೇ ರೂಢಿ. ಜೋಗದ ಕೆಳಗೆ 1948ರಲ್ಲಿ ಶುರುವಾದ, ಈಗ ಮಹಾತ್ಮ ಗಾಂಧಿ ಹೆಸರಿರುವ ಪವರ್ ಹೌಸಿಗೆ ನೀರು ಕೂಡಿಟ್ಟಿದ್ದು ಇದೇ. 1964ರಲ್ಲಿ ಲಿಂಗನಮಕ್ಕಿ ಆಯಿತು, ಇದು ಅದರ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಾತ್ರ ಮೇಲೆ ಕಾಣುತ್ತದೆ.

ಮಕ್ಕಳು ಮುತ್ತಿಕೊಂಡಿದ್ದು ಮಾತ್ರ ಫೋಟೊಗಳನ್ನಲ್ಲ, ಸೈಫನ್ ಮಾದರಿಯನ್ನು. ಸೈಫನ್ ಅಂದರೆ ಡ್ಯಾಂ ತುಂಬಿದಾಗ ಹೆಚ್ಚಾದ ನೀರನ್ನು ತಾನಾಗೇ ಹೊರಗೆ ಬಿಡುವ ಕೊಳವೆ. ಈ ಡ್ಯಾಮಿನ ಸೈಫನ್‌ಗಳು ಮೈಸೂರಿನ ಇಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದವು. ಒಂದು ದೊಡ್ಡ ಆಲಿಕೆ, ಅದರ ಮೇಲೆ ಗುಮ್ಮಟ. ನೀರು ಅಂಚು ದಾಟಿದರೆ ಒಳಗಿನ ಓರೆ ರೆಕ್ಕೆಗಳಿಗೆ ತಾಗಿ ಸುತ್ತುತ್ತಾ ಇಳಿಯುತ್ತದೆ. ಆ ಸುಳಿ ಕೊಳವೆಯೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಕೊಳವೆ ತುಂಬಾ ನೀರು. ಮಟ್ಟ ಇಳಿದರೆ ಗಾಳಿ ನುಗ್ಗಿ ತಾನಾಗೇ ನಿಲ್ಲುತ್ತದೆ. ಗೇಟೂ ಬೇಡ, ಎತ್ತುವವರೂ ಬೇಡ! ಇದನ್ನೆಲ್ಲ ಪ್ಲಾಸ್ಟಿಕ್ ಆಲಿಕೆ, ಪೈಪು, ಬಕೆಟ್ಟಿನಲ್ಲೇ ಮಾಡಿ ತೋರಿಸಿದವರು ನಮ್ಮ ರಿಟೈರ್ಡ್ ಇಂಜಿನಿಯರ್ ಮಾವ. ಮೊದಲು ಸಣ್ಣಗೆ ಗುಳುಗುಳು, ಆಮೇಲೆ ಒಮ್ಮೆಲೇ ಗಳಕ್ ಅಂತ ಬಕೆಟ್ ಖಾಲಿಯಾಗುತ್ತಿತ್ತು. ಮಾವನ ಪಂಚೆ ಎರಡೂ ದಿನ ಒಣಗಲೇ ಇಲ್ಲ. ಅವರಿಗೆ, ಒದ್ದೆ ನೆಲ ಒರೆಸಿದ ಅತ್ತೆಗೆ ವಿಶೇಷ ಥ್ಯಾಂಕ್ಸ್.

ಇನ್ನೊಬ್ಬರು ಪ್ರದರ್ಶನಕ್ಕೆ ಬರಲೇ ಇಲ್ಲ. ಹಿನ್ನೀರಿನಾಚೆಯ ಅಜ್ಜಿ, ತೊಂಬತ್ತರ ಹತ್ತಿರದವರು. ಕರೆಯೋಕೆ ಹೋದರೆ, "ಅದರ ನೀರಿಗೆ ಒಂದ್ಸಲ ಗದ್ದೆ ಬಿಟ್ಟು ಎದ್ವಿ. ಲಿಂಗನಮಕ್ಕಿಗೆ ಮತ್ತೊಂದ್ಸಲ. ಅದನ್ನ ನೋಡೋಕೆ ನಾನ್ಯಾಕೆ ಬರ್ಲಿ ಮಾರಾಯಾ?" ಅಂದರು. ಸರಿಯಾಗೇ ಕೇಳಿದರು ಅಲ್ವಾ? ಡ್ಯಾಂ ಮುಳುಗಿತು ಅಂತ ಮರುಗುವ ನಾವು, ಅದೇ ಡ್ಯಾಂ ಮುಳುಗಿಸಿದ ಗದ್ದೆಗಳ ಮಾತು ಎತ್ತುವುದೇ ಕಡಿಮೆ. ಆದರೂ ಹೊರಡುವಾಗ ಅಜ್ಜಿ ಭತ್ತ ಅಳೆಯುವ ಕೊಳಗ ಕೈಗಿಟ್ಟು, "ಇದನ್ನೂ ಇಡು ಅಲ್ಲಿ" ಅಂದರು. ಅಂಚಿಗೆ ಹಿತ್ತಾಳೆ ಪಟ್ಟಿ, ಒಂದು ಕಡೆ ಸೀಳು. ಸೈಫನ್ ಪಕ್ಕದಲ್ಲೇ ಇಟ್ಟೆವು. ಅಜ್ಜಿ, ನಿಮ್ಮ ಋಣ ಜಾಸ್ತಿ.

ದೋಣಿಯಲ್ಲಿ ಕರೆದೊಯ್ದ ಅಣ್ಣಂದಿರು ದುಡ್ಡು ಮುಟ್ಟಲಿಲ್ಲ. ಹಾಲ್ ಬಾಡಿಗೆ ಬೇಡ ಅಂದವರು, ಚಹಾ ಮಾಡಿದವರು, ಎಲ್ಲರಿಗೂ ನಮಸ್ಕಾರ.

ಫೋಟೊ ಕೊಟ್ಟವರು ದಯವಿಟ್ಟು ಬಂದು ತೆಗೆದುಕೊಂಡು ಹೋಗಿ. ಹಿಂದೆ ಹೆಸರು ಬರೆಯದೇ ಇರುವವು ಸುಮಾರಿವೆ, ಗುರುತು ಹಿಡಿಯೋಕೆ ಮನೆಯ ಹಿರಿಯರನ್ನೂ ಕರೆತನ್ನಿ. ಚಹಾ ನಮ್ಮದೇ.